ಕುಬಸ ಮುಗಿಸಿ ತವರಿಗೆ ಹೊರಡುವ ಮುನ್ನ ಒಂದು ಅರ್ಜಿ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಗರ್ಭಿಣಿ ಕೆಲಸ ಬಿಡುವ ಬಗೆ ಹೆಚ್ಚುಕಡಿಮೆ ಒಂದೇ. ಏಳನೇ ತಿಂಗಳಿಗೆ ಕುಬಸ, ಆಮೇಲೆ ತವರು. "ಹೋಗಿ ಬಾರವ್ವ, ಕೂಸು ದೊಡ್ಡದಾದ ಮ್ಯಾಲೆ ನೋಡೋಣ" ಅನ್ನುತ್ತಾರೆ ಮೇಸ್ತ್ರಿ. ಎಷ್ಟೋ ಸಲ ಆ ಅಕ್ಕರೆಯ ಮಾತಿನೊಂದಿಗೇ ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತದೆ, ಬೆನ್ನಿಗೇ ಹೆರಿಗೆ ರಜೆಯ ಆರು ತಿಂಗಳ ಸಂಬಳವೂ.

ಮೊದಲು ಸಂಬಳದ ಚೀಟಿ ನೋಡಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಘಟಕದಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಕಾರ್ಮಿಕರ ರಾಜ್ಯ ವಿಮಾ ಯೋಜನೆಯ, ಅಂದರೆ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಪೀಸ್ ಲೆಕ್ಕದಲ್ಲಿ ಹೊಲಿಯುವವರೂ ಅಷ್ಟೇ. 12,000 ಸಂಬಳವಾದರೆ ನಿಮ್ಮಿಂದ 90 ರೂಪಾಯಿ ಕಡಿತ, ಮಾಲೀಕರ ಪಾಲು 390. ಕಡಿತವಾದದ್ದು ಜಮಾ ಆಗಿದೆಯೇ ಅನ್ನುವುದು ಬೇರೆ ಪ್ರಶ್ನೆ. ವಿಮಾ ಸಂಖ್ಯೆ ಕೇಳಿ ಬರೆದಿಟ್ಟುಕೊಂಡು, ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿ.

ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ, ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಲೆಕ್ಕದಲ್ಲಿ, ಒಟ್ಟು 70 ದಿನದ ವಂತಿಗೆ ಇದ್ದರೆ 26 ವಾರ ಪೂರ್ತಿ ಸರಾಸರಿ ಕೂಲಿ ಸಿಗುತ್ತದೆ. ದಿನಕ್ಕೆ 400 ಎಂದು ಹಿಡಿದರೆ 182 ದಿನಕ್ಕೆ 72,800 ರೂಪಾಯಿ! ಹೆರಿಗೆಗೆ ಮೊದಲು ಇದರಲ್ಲಿ 8 ವಾರದವರೆಗೆ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ, ಗರ್ಭಪಾತವಾದರೆ 6 ವಾರ.

ಇಎಸ್‌ಐ ಇಲ್ಲವೇ? ಆಗ ಹಣ ಕೊಡಬೇಕಾದವರು ಮಾಲೀಕರೇ. 1961ರ ಹೆರಿಗೆ ಸೌಲಭ್ಯ ಕಾನೂನಿನ 12 ವಾರ 2017ರ ತಿದ್ದುಪಡಿಯಲ್ಲಿ 26 ಆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಇದೆ. ನಿರೀಕ್ಷಿತ ಹೆರಿಗೆ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು.

ಇನ್ನು ಮಾಲೀಕರಿಗೆ ಕೊಡುವ ಅರ್ಜಿ. ಯಾವ ದಿನದಿಂದ ರಜೆ, ಹಣ ಯಾರ ಕೈಗೆ ಎಂದು ಬರೆದು, ತಾಯಿ ಕಾರ್ಡಿನ ಜೆರಾಕ್ಸ್ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ 'ತಲುಪಿದೆ' ಎಂದು ಸಹಿ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಬಾಯಿಮಾತಿನ ರಜೆಯನ್ನು ನಾನಂತೂ ರಜೆ ಅನ್ನುವುದಿಲ್ಲ. ಮಾಲೀಕರೇ ಕೊಡುವುದಾದರೆ, ಹೆರಿಗೆಗೆ ಮುಂಚಿನ ವಾರಗಳ ಹಣ ಮುಂಗಡವಾಗಿ ಬರಬೇಕು. ಉಳಿದದ್ದು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಯೊಳಗೆ.

ಖಾಲಿ ಹಾಳೆಗೆ, ರಾಜೀನಾಮೆಗೆ ಮಾತ್ರ ಸಹಿ ಹಾಕಬೇಡಿ. ಈ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ತೆಗೆದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.

ವಾಪಸ್ ಬಂದ ಮೇಲೆ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವುಂಟು. ಪೀಸ್ ಲೆಕ್ಕದವರು ಇದನ್ನು ಕೇಳುವುದು ಅಪರೂಪ. ಆ ಹೊತ್ತಿಗೆ ಎಷ್ಟು ಜೇಬು ಹೊಲಿಯಬಹುದಿತ್ತು ಅನ್ನುವ ಲೆಕ್ಕ ಅವರ ತಲೆಯಲ್ಲಿ.