ಪಟ್ಟಿ ಜನವರಿಯಲ್ಲಿ, ಕೆಲಸ ಶಿವರಾತ್ರಿಗೆ: ಮನೆ, ಹಿತ್ತಲು ಹಗುರ ಮಾಡುವ ಬಗೆ

ಮನೆ ಹಗುರ ಮಾಡುವ ಸಂಕಲ್ಪಕ್ಕೆ ಕಾಫಿ ಸೀಮೆಯಲ್ಲಿ ಜನವರಿ 1 ಒಳ್ಳೆಯ ಮುಹೂರ್ತವಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಆಗ ಅರೇಬಿಕಾ ಕೊಯ್ಲು ಮುಗಿಯುತ್ತಾ ರೊಬಸ್ಟಾ ಶುರುವಾಗುವ ಹೊತ್ತು. ಕಣದಲ್ಲಿ ಹಣ್ಣು ಹರವಿಕೊಂಡವರಿಗೆ ಅಟ್ಟ ಹತ್ತಲು ಪುರುಸೊತ್ತೆಲ್ಲಿ? ಜನವರಿಯಲ್ಲಿ ಪಟ್ಟಿ ಬರೆದಿಟ್ಟರೆ ಸಾಕು. ಕೈಹಾಕಲು ಶಿವರಾತ್ರಿಯಿಂದ ಮೇ ಕೊನೆಯವರೆಗೆ ಬಿಸಿಲಿದೆ. ಜೂನ್ ಮಳೆ ಹಿಡಿಯಿತೆಂದರೆ ತೊಳೆದದ್ದು ಒಣಗುವುದಿಲ್ಲ. ಅರಸೀಕೆರೆ, ಕಡೂರಿನ ಬಯಲಲ್ಲಿ ಮಾತ್ರ ಸಂಕ್ರಾಂತಿ ಕಳೆದೊಡನೆ ಹೊರಡಬೇಕು. ಅಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ, ನೀರಿಗೆ ಕೊರತೆ.

ಮೂರೇ ಗುರಿ

ಒಂದು ಸಂಜೆ ಮನೆಮಂದಿಯೆಲ್ಲ ಕೂತು, ದಿನವೂ ಹೊತ್ತು ತಿನ್ನುವ ಕೆಲಸ ಯಾವುದೆಂದು ತಲಾ ಒಂದೊಂದು ಹೇಳಲಿ. ಅದರಲ್ಲಿ ಮೂರನ್ನು ಆರಿಸಿ: ಮನೆಯೊಳಗಿನದು ಒಂದು, ಅಡುಗೆಮನೆ ಕಸದ್ದು ಒಂದು, ಹಿತ್ತಲಿನದು ಒಂದು. ‘ತೋಟ ಚೆನ್ನಾಗಿಡಬೇಕು’ ಎನ್ನುವುದು ಆಸೆ. ‘ಯುಗಾದಿಯೊಳಗೆ ಎರಡು ಮಡಿ ಸೊಪ್ಪು’ ಎಂದರೆ ಗುರಿ. ಒಂದೊಂದರ ಮುಂದೆಯೂ ಹಬ್ಬದ ಗಡುವು, ಮಾಡುವವರ ಹೆಸರು ಬರೆಯಿರಿ. ಮೂರರ ಮುಂದೆಯೂ ಅಮ್ಮನ ಹೆಸರೇ ಬಿದ್ದಿದ್ದರೆ ಪಟ್ಟಿ ಹರಿದು ಮತ್ತೆ ಕೂರಬೇಕು.

ಅಟ್ಟದಿಂದ ಕೆಳಕ್ಕೆ

‘ಆರು ತಿಂಗಳು ಮುಟ್ಟದ್ದನ್ನು ಕೊಟ್ಟುಬಿಡಿ’ ಎಂಬ ಪೇಟೆಯ ಸಲಹೆ ಮಲೆನಾಡಿಗೆ ಒಗ್ಗದು. ಜನವರಿಯಲ್ಲಿ ನೋಡಿದರೆ ಕಂಬಳಿ, ಗಂಬೂಟು, ಪ್ಲಾಸ್ಟಿಕ್ ಕೊಪ್ಪೆ, ನಾಲ್ಕು ಕೊಡೆ ಎಲ್ಲವೂ ದಂಡ ಅನ್ನಿಸುತ್ತವೆ. ಮೊದಲು ಮಳೆಗಾಲದ ಸಾಮಾನನ್ನೆಲ್ಲ ಒಂದೆಡೆ ಸೇರಿಸಿ ಬದಿಗಿಡಿ. ಆಮೇಲೆ ಉಳಿದದ್ದಕ್ಕೆ ಕೈಹಾಕಿ.

ದಿನಕ್ಕೆ ಒಂದು ಕಪಾಟು ಅಥವಾ ಒಂದು ಟ್ರಂಕು, ಒಂದು ಗಂಟೆ, ಅಷ್ಟೇ. ಇಡೀ ಅಟ್ಟವನ್ನು ಒಂದೇ ದಿನ ಇಳಿಸಿದರೆ ಸಂಜೆ ದಣಿದು ಎಲ್ಲವನ್ನೂ ಹಾಗೇ ಮೇಲಕ್ಕೇರಿಸುವುದೇ ಹೆಚ್ಚು. ಇಟ್ಟುಕೊಳ್ಳುವುದು, ಕೊಡುವುದು, ಗುಜರಿಗೆ ಹಾಕುವುದು ಎಂದು ಮೂರು ರಾಶಿ ಮಾಡಿ. ಮನಸ್ಸು ಒಪ್ಪದ್ದನ್ನು ಟ್ರಂಕಿಗೆ ತುಂಬಿ, ತಾರೀಕು ಬರೆದು ಅಂಟಿಸಿ. ಮುಂದಿನ ದೀಪಾವಳಿವರೆಗೆ ಬೀಗ ತೆಗೆಯಲಿಲ್ಲವೆಂದರೆ ಅದು ಬೇಡವಾದದ್ದೇ. ರಟ್ಟಿನ ಡಬ್ಬಿ ಮಾತ್ರ ಬೇಡ, ತೇವ ಎಳೆದು ಗೆದ್ದಲಿಗೆ ದಾರಿಯಾಗುತ್ತದೆ. ಉಳಿಸಿಕೊಂಡ ಬಟ್ಟೆಯನ್ನು ಬಿಸಿಲಿಗೆ ಹಾಕಿ, ಬಿಸಿ ಆರಿದ ಮೇಲೆ ಮಡಚಿ. ಬೀರುವನ್ನು ಗೋಡೆಯಿಂದ ಮೂರು ಇಂಚು ಮುಂದಕ್ಕೆ ಎಳೆದಿಟ್ಟರೆ ಗಾಳಿಯಾಡಿ ಬೂಷ್ಟು ಕಡಿಮೆಯಾಗುತ್ತದೆ.

ದರಗು ಸುಡಬೇಡಿ

ಬೇಸಿಗೆಯಲ್ಲಿ ಅಂಗಳದ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸ ಬಿಟ್ಟರೆ ಹಿತ್ತಲಿನ ಅರ್ಧ ಕೆಲಸ ಮುಗಿದಂತೆ. ಮಳೆ ಜೋರಿರುವ ಕಡೆ ಗೊಬ್ಬರಕ್ಕೆ ಗುಂಡಿ ತೋಡಬೇಡಿ, ನೀರು ನಿಂತು ನಾರುತ್ತದೆ. ನೆಲದ ಮೇಲೆಯೇ ಬಿದಿರ ಗಳುಗಳಿಂದ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಚೌಕ ಕಟ್ಟಿ, ಬಾವಿಯಿಂದ ದೂರದಲ್ಲಿ. ತಳಕ್ಕೆ ಗಾಳಿಯಾಡಲು ಅರ್ಧ ಅಡಿ ಸಣ್ಣ ಕಡ್ಡಿ. ಅದರ ಮೇಲೆ ಅರ್ಧ ಅಡಿ ದರಗು, ಎರಡು ಇಂಚು ತರಕಾರಿ ಸಿಪ್ಪೆ, ಹತ್ತು ಲೀಟರ್ ನೀರಿಗೆ ಒಂದು ಕಿಲೋ ಸಗಣಿ ಕದಡಿದ ಬಗ್ಗಡ. ಚೌಕ ತುಂಬುವವರೆಗೆ ಹೀಗೇ ಪದರ. ಹಸಿ ಕಾಫಿ ಸಿಪ್ಪೆ ಸಿಕ್ಕರೆ ದರಗಿನ ಜೊತೆ ಬೆರೆಸಿಯೇ ಹಾಕಬೇಕು. ಒಂದೇ ಕಡೆ ಸುರಿದರೆ ಹುಳಿತು ವಾಸನೆ ಹೊಡೆಯುತ್ತದೆ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯದು. ಮೊದಲು ಒಂದೆರಡು ದಿನ ಕೊಟ್ಟಿಗೆಗೆ ಹಾಸಿ, ಗಂಜಲದಲ್ಲಿ ನೆನೆದ ಮೇಲೆ ತಂದು ಹಾಕಿ.

ಹದಿನೈದು ದಿನಕ್ಕೊಮ್ಮೆ ಮಗುಚಿ. ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ನಾರಿದರೆ ಹಸಿ ಹೆಚ್ಚಾಗಿದೆ, ದರಗು ಸೇರಿಸಿ. ಹಾಕಿದ್ದು ಹಾಕಿದಂತೆಯೇ ಇದ್ದರೆ ಒಣಗಿದೆ, ಬಗ್ಗಡ ಹೊಯ್ಯಿರಿ. ಮೂರು ನಾಲ್ಕು ತಿಂಗಳಿಗೆ ಗೊಬ್ಬರ ಸಿದ್ಧ. ಮಳೆಗೆ ಮುಂಚೆ ಟಾರ್ಪಾಲ್ ಹೊದಿಸದಿದ್ದರೆ ಸಾರವೆಲ್ಲ ಕೊಚ್ಚಿಹೋಗುತ್ತದೆ.

ಎರಡು ಮಡಿ, ಎರಡು ಬಕೆಟ್ ನೀರು

ಅಡುಗೆಮನೆ ಕಿಟಕಿಗೆ ಕಾಣುವ ಜಾಗವೇ ಆಗಲಿ. ಕಣ್ಣಿಗೆ ಬಿದ್ದರೆ ನೀರು ಬೀಳುತ್ತದೆ, ಮಂಗ ಬಂದರೂ ತಿಳಿಯುತ್ತದೆ. ಮಡಿ ಮೂರಡಿ ಅಗಲ, ಹತ್ತಡಿ ಉದ್ದ ಇರಲಿ, ಎರಡೂ ಬದಿಯಿಂದ ಕೈ ಎಟುಕುವಂತೆ. ಇಷ್ಟಕ್ಕೆ ಬೇಸಿಗೆಯಲ್ಲಿ ದಿನಕ್ಕೆ 12ರಿಂದ 15 ಲೀಟರ್ ಬೇಕು, ಅಂದರೆ ಮಡಿಗೊಂದು ಬಕೆಟ್. ಏಪ್ರಿಲ್‌ನಲ್ಲಿ ಬಾವಿ ಇಳಿದಾಗಲೂ ಇಷ್ಟು ಕೊಡಲಾಗುತ್ತದೆಯೇ ನೋಡಿ, ಆಗದಿದ್ದರೆ ಒಂದೇ ಮಡಿ ಮಾಡಿ. ಅಕ್ಕಿ, ತರಕಾರಿ ತೊಳೆದ ನೀರು ಸೊಪ್ಪಿಗೆ. ಬಚ್ಚಲ ಸಾಬೂನು ನೀರು ಬಾಳೆಬುಡಕ್ಕೆ.

ಹರಿವೆ, ಮೆಂತ್ಯ ಸುಮಾರು ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ಬೀಜವನ್ನೆಲ್ಲ ಒಂದೇ ದಿನ ಚೆಲ್ಲಿದರೆ ಒಂದು ವಾರ ಸೊಪ್ಪೋ ಸೊಪ್ಪು, ಆಮೇಲೆ ಬರೀ ಮಣ್ಣು. ಹತ್ತು ದಿನಕ್ಕೊಮ್ಮೆ ಎರಡಡಿಯಷ್ಟೇ ಬಿತ್ತಿ. ಸಸಿ ನಾಲ್ಕಿಂಚು ಆದ ಮೇಲೆ ಸಾಲಿನ ನಡುವೆ ದರಗು ಹರಡಿ, ಬುಡಕ್ಕೆ ತಾಗಿಸಬೇಡಿ. ಅರಸೀಕೆರೆ ಕಡೆ ತೆಂಗಿನ ಪಾತಿಗೆ ಸಿಪ್ಪೆ ಹಾಸುವವರು ಉಬ್ಬಿದ ಮೈ ಮೇಲಾಗಿ ಇಡಬೇಕು. ಬೋರಲಾಗದ ಸಿಪ್ಪೆಯಲ್ಲಿ ಮಳೆನೀರು ನಿಂತು ಸೊಳ್ಳೆ ಮರಿಮಾಡುತ್ತದೆ.

ಜೂನ್, ಜುಲೈನ ಹೊಡೆತಕ್ಕೆ ಎಳೆ ಹರಿವೆ ಕೊಳೆಯುತ್ತದೆ, ಆ ಜಗಳವೇ ಬೇಡ. ಮೇ ತಿಂಗಳ ಮೊದಲ ಹದ ಮಳೆಗೆ ಮಡಿಯಲ್ಲಿ ಅರಿಶಿನ, ಶುಂಠಿ ಊರಿ: ಎರಡಿಂಚು ಆಳ, ಗಡ್ಡೆಯಿಂದ ಗಡ್ಡೆಗೆ ಮುಕ್ಕಾಲು ಅಡಿ. ಅಂದೇ ಹಸಿ ಸೊಪ್ಪು ದಪ್ಪಗೆ ಮುಚ್ಚಿ, ಮಡಿಯ ಸುತ್ತ ನೀರು ಬಸಿಯಲು ಅರ್ಧ ಅಡಿ ಕಾಲುವೆ ತೆಗೆಯಿರಿ. ಕಾಲುವೆ ಕಟ್ಟಿಕೊಂಡರೆ ಗಡ್ಡೆ ಕೊಳೆಯುವುದು ಖಂಡಿತ. ಅಗೆಯುವುದು ಮುಂದಿನ ಜನವರಿಯ ಹೊತ್ತಿಗೆ, ಎಲೆ ಹಳದಿಯಾಗಿ ಒಣಗಿದ ಮೇಲೆ.