ಹೊಳೆಗೆ ಕರೆಂಟ್ ಹೇಗೆ ಬಂತು?

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಹವ್ಯಕ, ಮರಾಟಿ ಮಾತಾಡುವವರು. ಆದರೂ ಇಂಗ್ಲಿಷ್ ಅಂದರೆ ಹೆದರುತ್ತಿದ್ದರು. ಬೋರ್ಡಿನ ಎಡಕ್ಕೆ ಪದ, ಬಲಕ್ಕೆ ಒಂದೇ ಒಂದು ಅರ್ಥ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ತಪ್ಪು ಅಲ್ಲೇ ಇತ್ತು.

ಒಂದು ದಿನ ನದಿಯ ಪಾಠದಲ್ಲಿ ‘ಕರೆಂಟ್’ ಎಂಬ ಪದ ಬಂತು. “ಟೀಚರ್, ಹೊಳೆಗೆ ಕರೆಂಟ್ ಹೇಗೆ ಬಂತು?” ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ ಅಲ್ವಾ? ಲ್ಯಾಟಿನ್‌ನಲ್ಲಿ ಓಡುವುದಕ್ಕೆ ಇರುವ ಪದದಿಂದ ಅದು ಹುಟ್ಟಿದೆ. ಮಳೆಗಾಲದ ಪಯಸ್ವಿನಿ ಹೊಳೆಯ ಸೆಳೆತವೂ ಕರೆಂಟ್, ತಂತಿಯಲ್ಲಿ ಹರಿಯುವುದೂ ಕರೆಂಟ್. ಈಗ ನಡೆಯುತ್ತಿರುವ ಸುದ್ದಿ ‘ಕರೆಂಟ್ ಅಫೇರ್ಸ್’. ಒಳಗಿನ ಓಟ ಗೊತ್ತಾದ ಮೇಲೆ ಮೂರೂ ಅರ್ಥ ತಾವಾಗಿ ನೆನಪಾದವು.

ಅಂದಿನಿಂದ ಅರ್ಥ ಹೇಳುವ ಮೊದಲು, ಈ ಪದ ಎಲ್ಲಿ ಕೇಳಿದ್ದೀರಿ ಎನ್ನುತ್ತೇನೆ. ‘ಟ್ಯಾಪ್’ ಎಂದಾಗ ಕೆಲವರು ನಲ್ಲಿ ಎಂದರು. ತೋಟದಲ್ಲಿ ಕೆಲಸ ಮಾಡುವವರ ಮಗ “ರಬ್ಬರ್ ಟ್ಯಾಪಿಂಗ್” ಎಂದ. ನಲ್ಲಿಯಿಂದ ನೀರು, ಮರದಿಂದ ಹಾಲು, ಎರಡೂ ಒಳಗಿದ್ದದ್ದನ್ನು ಹೊರಗೆ ಇಳಿಸುವ ಕೆಲಸ. ಮೊಬೈಲ್ ಮೇಲಿನ ಟ್ಯಾಪ್ ಮಾತ್ರ ಬೇರೆ. ಅದು ಮೆಲ್ಲಗೆ ತಟ್ಟುವುದು, ಅದರ ಬೇರೂ ಬೇರೆ. ನಮ್ಮಲ್ಲಿ ‘ಹತ್ತು’ ಲೆಕ್ಕದಲ್ಲೂ ಇದೆ, ಮರ ಹತ್ತುವುದರಲ್ಲೂ ಇದೆ. ಹಾಗೆಯೇ ಇದು.

‘ಬಾರೋ’, ‘ಲೆಂಡ್’ ಎರಡಕ್ಕೂ ಕಡ ಎಂದು ಬರೆಸಿದರೆ ಗೊಂದಲ. ಒಂದು ಪೆನ್ನು ಸಾಕು. ತಗೊಳ್ಳುವವನದು ಬಾರೋ, ಕೊಡುವವನದು ಲೆಂಡ್.

ಜಾಸ್ತಿ ಕಷ್ಟ ಕೊಡುವುದು ‘ಹ್ಯಾವ್’ನಂಥ ಸಣ್ಣ ಪದಗಳು. ನಾವು ಕನಸು ಕಾಣುತ್ತೇವೆ, ನಮಗೆ ಜ್ವರ ಬರುತ್ತದೆ. ಮಕ್ಕಳು ಅದನ್ನೇ ‘ಐ ಸಾ ಎ ಡ್ರೀಮ್’, ‘ಫೀವರ್ ಕೇಮ್ ಟು ಮಿ’ ಎಂದು ಬರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಹ್ಯಾವ್. ಇಂಥವನ್ನು ಬಿಡಿಪದವಾಗಿ ಕಲಿಸಬಾರದು. ‘ಹ್ಯಾವ್ ಎ ಡ್ರೀಮ್’, ‘ಹ್ಯಾವ್ ಎ ಫೀವರ್’ ಎಂದು ಜೋಡಿಯಾಗಿಯೇ ಬಾಯಿಗೆ ಬರಬೇಕು.

ಈಗ ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್ ಇದೆ. ಒಂದು ಪದಕ್ಕೆ ಅವರ ಮನೆಯ, ಊರಿನ ಮೂರು ವಾಕ್ಯ. ಕಳೆದ ವಾರ ‘ಬ್ರಾಂಚ್’ ಕೊಟ್ಟಿದ್ದೆ. ಹಲಸಿನ ಮರದ ಗೆಲ್ಲು ಬಂತು, ಪೇಟೆಯ ಬ್ಯಾಂಕ್ ಬಂತು. ಹೊಳೆಯ ಕರೆಂಟ್ ಕೇಳಿದವಳು ಈ ಸಲ ಹೊಳೆಯ ಕವಲನ್ನೇ ಬರೆದಿದ್ದಳು. ಮುಂದಿನ ಪದ ‘ರನ್’. ಅದಕ್ಕೆ ಎರಡು ಪುಟ ಬಿಡಲು ಹೇಳಿದ್ದೇನೆ.