ವಿನ್ನಿಪೆಗ್‌ಗೆ ಬರುವವರು ಮೊದಲು ತಿಂಗಳು ಆರಿಸಿ

ಟಿಕೆಟ್ ದರ ನೋಡುವ ಮೊದಲು ಯಾವ ತಿಂಗಳು ಬರಬೇಕು ಅನ್ನೋದನ್ನು ತೀರ್ಮಾನ ಮಾಡಿಕೊಳ್ಳಿ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್‌ಗೆ ಬರ್ತೀವಿ ಅಂತ ಫೋನ್ ಮಾಡುವ ಎಲ್ಲರಿಗೂ ನಾನು ಹೇಳುವ ಮೊದಲ ಮಾತು ಇದೇ. ಒಂಬತ್ತು ವರ್ಷದಿಂದ ಈ ಊರಲ್ಲಿದ್ದೇನೆ. ಅಪ್ಪ ಅಮ್ಮನನ್ನು ಮೊದಲ ಸಲ ಕರೆಸಿಕೊಂಡಾಗ, ಟಿಕೆಟ್ ಕಡಿಮೆಗೆ ಸಿಕ್ಕಿತು ಅಂತ ಏಪ್ರಿಲ್‌ನಲ್ಲಿ ಬುಕ್ ಮಾಡಿಬಿಟ್ಟೆ. ಆಗ ಇಲ್ಲಿ ಹಿಮ ಅರ್ಧ ಕರಗಿ ಕಪ್ಪಗಾಗಿರುತ್ತದೆ. ಚಳಿಗಾಲವಿಡೀ ರಸ್ತೆಗೆ ಸುರಿದ ಮರಳು ಧೂಳಾಗಿ ಏಳುತ್ತದೆ. ಮರಗಳಲ್ಲಿ ಒಂದು ಎಲೆಯೂ ಇರುವುದಿಲ್ಲ. ಅಮ್ಮ ಮೂರು ವಾರ ಹೆಚ್ಚುಕಡಿಮೆ ಕಿಟಕಿ ಪಕ್ಕದಲ್ಲೇ ಕೂತಿದ್ದರು. ಆ ಬೇಸರ ನನಗೆ ಇನ್ನೂ ಹೋಗಿಲ್ಲ. ಎರಡನೇ ಸಲ ಸೆಪ್ಟೆಂಬರ್ ಮೊದಲ ವಾರ ಬಂದರು. "ಇದು ಅದೇ ಊರೇನಮ್ಮಾ?" ಅಂತ ಅಪ್ಪ ಎರಡು ಸಲ ಕೇಳಿದರು.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ವಯಸ್ಸಾದವರು, ಪುಟ್ಟ ಮಕ್ಕಳು ಜೊತೆಗಿದ್ದರೆ ಸೆಪ್ಟೆಂಬರ್. ಬಿಸಿಲು ಹಿತವಾಗಿರುತ್ತದೆ, ತಿಂಗಳ ಕೊನೆಯ ಹೊತ್ತಿಗೆ ಎಲೆಗಳೆಲ್ಲ ಹಳದಿ. ಹಬ್ಬ, ಜನ, ಗದ್ದಲ ಬೇಕಾದರೆ ಆಗಸ್ಟ್. 1970ರಲ್ಲಿ ಶುರುವಾದ ಫೋಕ್ಲೋರಾಮಾ ಆಗ ಎರಡು ವಾರ ನಡೆಯುತ್ತದೆ. ಒಂದೊಂದು ಸಮುದಾಯದವರೂ ಊರಿನ ಬೇರೆ ಬೇರೆ ಸಭಾಂಗಣಗಳಲ್ಲಿ ತಮ್ಮ ಊಟ, ಹಾಡು, ಕುಣಿತ ಇಟ್ಟುಕೊಂಡು ಬಂದವರನ್ನು ಕೂರಿಸಿಕೊಳ್ಳುತ್ತಾರೆ. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯಾದರೂ ಸೂರ್ಯ ಮುಳುಗುವುದಿಲ್ಲ, ಆದರೆ ಸೊಳ್ಳೆ ಜಾಸ್ತಿ. ಚಳಿ ಅಂದರೆ ಏನು ಅಂತ ನೋಡಲೇಬೇಕು ಅನ್ನುವವರು ಫೆಬ್ರವರಿಯಲ್ಲಿ ಬನ್ನಿ. ನವೆಂಬರ್, ಮಾರ್ಚ್, ಏಪ್ರಿಲ್ ಬೇಡ.

ವೀಸಾಕ್ಕೆ ಕಡಿಮೆ ಅಂದರೂ ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿ. ವಿಸಿಟರ್ ವೀಸಾಕ್ಕೆ 100 ಕೆನಡಿಯನ್ ಡಾಲರ್, ಬೆರಳಚ್ಚು ಮತ್ತು ಫೋಟೋಗೆ ಇನ್ನೊಂದು 85. ಬೆರಳಚ್ಚು ಕೊಟ್ಟರೆ 10 ವರ್ಷ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಮಕ್ಕಳು ಇಲ್ಲಿ ಪೌರರೋ ಖಾಯಂ ನಿವಾಸಿಗಳೋ ಆಗಿದ್ದರೆ, ಅಪ್ಪ ಅಮ್ಮಂದಿರು ಹೆಚ್ಚು ಕಾಲ ಇರಲು ಬಿಡುವ ಸೂಪರ್ ವೀಸಾ ಬಗ್ಗೆಯೂ ವಿಚಾರಿಸಿ. ಏನೇ ಆದರೂ ಆರೋಗ್ಯ ವಿಮೆ ಇಲ್ಲದೆ ವಿಮಾನ ಹತ್ತಬೇಡಿ. ಪ್ರವಾಸಿಗಳಿಗೆ ಇಲ್ಲಿನ ಆಸ್ಪತ್ರೆ ಉಚಿತ ಅಲ್ಲ. ಬಿಪಿ, ಶುಗರ್ ಇದ್ದರೆ ಮೊದಲಿಂದ ಇರುವ ಕಾಯಿಲೆಗೂ ವಿಮೆ ಅನ್ವಯಿಸುತ್ತದಾ ಅಂತ ಬರಹದಲ್ಲಿ ಕೇಳಿ. ಮಾತ್ರೆಗಳನ್ನು ಅವುಗಳ ಪೊಟ್ಟಣದಲ್ಲೇ, ಡಾಕ್ಟರ ಚೀಟಿ ಜೊತೆಗೆ ಇಟ್ಟುಕೊಳ್ಳಿ.

ಭಾರತದಿಂದ ಇಲ್ಲಿಗೆ ನೇರ ವಿಮಾನ ಇಲ್ಲ. ಟೊರಾಂಟೊ ಮೂಲಕ ಬಂದರೆ ಅಲ್ಲಿಂದ ಸುಮಾರು ಎರಡೂವರೆ ಗಂಟೆ. ಕೆನಡಾದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಆಗುತ್ತದೆ. ಅದಕ್ಕೇ ಎರಡು ವಿಮಾನಗಳ ನಡುವೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ತಿಂಡಿ, ಉಪ್ಪಿನಕಾಯಿ ಏನೇ ತಂದಿದ್ದರೂ ಕೇಳಿದಾಗ ಹೇಳಿಬಿಡಿ. ಮುಚ್ಚಿಟ್ಟರೆ ದಂಡ.

ಊರಿಗೆ ಐದು ದಿನ ಇಟ್ಟುಕೊಳ್ಳಿ. ಮೊದಲ ದಿನ ಬೇರೆಲ್ಲೂ ಹೋಗಬೇಡಿ, ದಿ ಫೋರ್ಕ್ಸ್‌ಗೆ ಹೋಗಿ. ರೆಡ್ ನದಿಗೆ ಅಸಿನಿಬೊಯಿನ್ ನದಿ ಬಂದು ಸೇರುವ ಜಾಗ ಅದು. ಆರು ಸಾವಿರ ವರ್ಷದಿಂದ ಜನ ಸೇರುತ್ತಿದ್ದ ಸಂಗಮ. ಈಗ ಅಲ್ಲಿ ಮಾರುಕಟ್ಟೆ, ಊಟದ ಅಂಗಡಿಗಳು, ನದಿಗೆ ಇಳಿಯುವ ಮೆಟ್ಟಿಲುಗಳಿವೆ. ನಮ್ಮಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದ ಮೇಷ್ಟ್ರು. ಮೆಟ್ಟಿಲ ಮೇಲೆ ನಿಂತು ಒಂದು ಕಡ್ಡಿ ನೀರಿಗೆ ಎಸೆದರು. ಅದು ಹೋದ ಕಡೆ ನೋಡಿ, ಸೂರ್ಯನನ್ನು ನೋಡಿ, "ಉತ್ತರಕ್ಕೆ ಹರಿಯುತ್ತಲ್ಲ!" ಅಂದರು. ಹೌದು, ರೆಡ್ ನದಿ ಅಮೆರಿಕದಿಂದ ಉತ್ತರಕ್ಕೆ ಹರಿದು ವಿನ್ನಿಪೆಗ್ ಸರೋವರ ಸೇರುತ್ತದೆ. ಈ ಊರಿನ ಕಷ್ಟವೂ ಅದರಲ್ಲೇ ಇದೆ. ವಸಂತದಲ್ಲಿ ದಕ್ಷಿಣದ ಹಿಮ ಮೊದಲು ಕರಗುತ್ತದೆ. ನೀರು ಬರುತ್ತದೆ, ಮುಂದೆ ಉತ್ತರದಲ್ಲಿ ಇನ್ನೂ ಮಂಜುಗಡ್ಡೆ. ನೆಲವೋ ಅಗಾಸಿಝ್ ಅನ್ನುವ ಬಹಳ ಹಿಂದಿನ ದೊಡ್ಡ ಸರೋವರದ ತಳ, ತಟ್ಟೆಯ ಹಾಗೆ ಸಮ. ನೀರು ಸುಮ್ನೆ ಹರಡಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಅಪ್ಪ ಬಂದಾಗ ದಂಡೆಯ ಕಾಲುದಾರಿ ಮುಳುಗಿದ್ದೂ ಇದರಿಂದಲೇ. ಊರು ಉಳಿಸಲು 47 ಕಿಲೋಮೀಟರ್ ಉದ್ದದ ಕಾಲುವೆ ತೋಡಿದ್ದಾರೆ. 1968ರಲ್ಲಿ ಕೆಲಸ ಮುಗಿಯಿತು, 1997ರ ಮಹಾಪೂರದಲ್ಲಿ ಅದೇ ಊರನ್ನು ಕಾಪಾಡಿತು. ಅಪ್ಪ ಇದನ್ನೆಲ್ಲ ಕೇಳಿಕೊಂಡು ಆ ಮೆಟ್ಟಿಲ ಮೇಲೆ ಎರಡು ಗಂಟೆ ಕೂತರು. ನೀವೂ ಅಲ್ಲಿ ಅವಸರ ಮಾಡಬೇಡಿ.

ಪಕ್ಕದಲ್ಲೇ ಗಾಜಿನ ದೊಡ್ಡ ಕಟ್ಟಡ ಕಾಣುತ್ತದೆ. 2014ರಲ್ಲಿ ತೆರೆದ ಮಾನವ ಹಕ್ಕುಗಳ ಮ್ಯೂಸಿಯಂ. ಹೊರಗೆ ಗಾಂಧೀಜಿ ಪ್ರತಿಮೆ ಇದೆ. ಒಳಗೆ ಕೆಳಗಿನ ಕತ್ತಲೆಯಿಂದ ಶುರುಮಾಡಿ, ಬೆಳಗುವ ಕಲ್ಲಿನ ಇಳಿಜಾರು ದಾರಿಗಳಲ್ಲಿ ಏರುತ್ತಾ ಬೆಳಕಿನ ಗೋಪುರಕ್ಕೆ ಬರುತ್ತೀರಿ. ನಡೆಯಲು ಆಗದವರಿಗೆ ಲಿಫ್ಟ್ ಇದೆ. ಇಲ್ಲಿನ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು ವಸತಿ ಶಾಲೆಗಳಿಗೆ ಹಾಕಿದ ಕಥೆ ಅಲ್ಲಿದೆ. ಅದರ ಮುಂದೆ ಅಮ್ಮ ತುಂಬಾ ಹೊತ್ತು ನಿಂತಿದ್ದರು. ಆ ದಿನ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ, ಮನಸ್ಸು ಭಾರವಾಗುತ್ತದೆ.

ಫೋರ್ಕ್ಸ್‌ನಿಂದ ಕಾಲುಸೇತುವೆ ದಾಟಿದರೆ ಸೇಂಟ್ ಬೋನಿಫಸ್, ಫ್ರೆಂಚ್ ಮಾತಾಡುವವರ ಹಳೇ ಬಡಾವಣೆ. 1968ರಲ್ಲಿ ಬೆಂಕಿಗೆ ಸುಟ್ಟ ಚರ್ಚಿನ ಮುಂಗೋಡೆ ಹಾಗೇ ನಿಂತಿದೆ. ದುಂಡು ಕಿಟಕಿ ಇದ್ದ ಜಾಗದಲ್ಲಿ ಈಗ ಬರೀ ಆಕಾಶ. ಅಂಗಳದಲ್ಲಿ ಲೂಯಿ ರಿಯೆಲ್ ಸಮಾಧಿ ಇದೆ. ಮೂಲನಿವಾಸಿ ಮತ್ತು ಯುರೋಪಿಯನ್ ಮೂಲ ಎರಡೂ ಇರುವ ಮೆಟಿ ಜನರ ನಾಯಕ, ಮ್ಯಾನಿಟೋಬಾ ಪ್ರಾಂತ್ಯ ಹುಟ್ಟಲು ಕಾರಣನಾದವನು. 1885ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಸಂಜೆ ಬಿಸಿಲಲ್ಲಿ ಹೋಗಿ.

ಶಾಸನಸಭೆಯ ಕಟ್ಟಡ ನೋಡಲು ದುಡ್ಡು ಕೊಡಬೇಕಿಲ್ಲ. ಒಳಗೆ ಮೆಟ್ಟಿಲಿನ ಎರಡೂ ಬದಿ ಕಂಚಿನ ಕಾಡೆಮ್ಮೆಗಳಿವೆ. ಆದರೆ ನೀವು ಗೋಡೆ ನೋಡಿ. ಟಿಂಡಲ್ ಕಲ್ಲು ಅದು, ಸುಮಾರು 45 ಕೋಟಿ ವರ್ಷ ಹಳೆಯದು. ಸಮುದ್ರದ ಜೀವಿಗಳ ಅಚ್ಚು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಕ್ಕಳಿದ್ದರೆ ಹುಡುಕೋಕೆ ಬಿಟ್ಟುಬಿಡಿ.

ನಾಣ್ಯ ಟಂಕಿಸುವ ರಾಯಲ್ ಕೆನಡಿಯನ್ ಮಿಂಟ್ ಊರಿನ ಪೂರ್ವದ ಅಂಚಿನಲ್ಲಿದೆ. ಯಂತ್ರ ಓಡುವುದನ್ನು ನೋಡಬೇಕಾದರೆ ವಾರದ ದಿನ, ಮೊದಲೇ ಟಿಕೆಟ್ ಮಾಡಿಸಿಕೊಂಡು ಹೋಗಿ. ಕೆನಡಾದ ಕೊನೆಯ ಒಂದು ಸೆಂಟ್ ನಾಣ್ಯ 2012ರಲ್ಲಿ ಅಲ್ಲೇ ತಯಾರಾಯಿತು. ಅದಕ್ಕೇ ಅಂಗಡಿಯಲ್ಲಿ ನಗದು ಕೊಟ್ಟರೆ ಹತ್ತಿರದ ಐದು ಸೆಂಟ್‌ಗೆ ಲೆಕ್ಕ ಸರಿಮಾಡುತ್ತಾರೆ. ದುಡ್ಡಿನ ಇನ್ನೆರಡು ಮಾತು: ಬೆಲೆಚೀಟಿಯಲ್ಲಿ ತೆರಿಗೆ ಸೇರಿರುವುದಿಲ್ಲ, ಹೆಚ್ಚಿನ ವಸ್ತುಗಳಿಗೆ 12 ಪರ್ಸೆಂಟ್ ಮೇಲೆ ಬೀಳುತ್ತದೆ. ಹೋಟೆಲಿನಲ್ಲಿ ಕೂತು ಊಟ ಮಾಡಿದರೆ 15 ಪರ್ಸೆಂಟ್ ಟಿಪ್ಸ್ ಕೊಡುವುದು ರೂಢಿ. ಬಸ್ಸಲ್ಲಿ ನಗದು ಕೊಡುವುದಾದರೆ ಸರಿಯಾದ ಚಿಲ್ಲರೆ ಇರಲಿ, ಡ್ರೈವರ್ ವಾಪಸ್ ಕೊಡುವುದಿಲ್ಲ.

ಹಿಮಕರಡಿ ನೋಡಲು ದೂರದ ಉತ್ತರದಲ್ಲಿರುವ ಚರ್ಚಿಲ್ ಊರಿಗೆ ಹೋಗೋಣ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲಿಗೆ ರಸ್ತೆಯೇ ಇಲ್ಲ. ರೈಲಿನಲ್ಲಿ ಎರಡು ರಾತ್ರಿ, ಇಲ್ಲವೇ ವಿಮಾನ. ಖರ್ಚೂ ದೊಡ್ಡದು. ಅಸಿನಿಬೊಯಿನ್ ಪಾರ್ಕ್ ಝೂನಲ್ಲಿ ಗಾಜಿನ ಸುರಂಗದೊಳಗೆ ನಿಂತರೆ ತಲೆಯ ಮೇಲೆ ಕರಡಿ ಈಜುತ್ತದೆ. ನನ್ನ ಪ್ರಕಾರ ಮೊದಲ ಪ್ರವಾಸಕ್ಕೆ ಅಷ್ಟು ಸಾಕು.

ಸಸ್ಯಾಹಾರಿಗಳು ಹೆದರಬೇಡಿ. ಉಕ್ರೇನ್‌ನಿಂದ ಬಂದವರು ತಂದ ಪೆರೋಗಿ ಕೇಳಿ. ಕರಿಗಡುಬಿನ ಆಕಾರ, ಒಳಗೆ ಆಲೂಗಡ್ಡೆ, ಚೀಸ್. ಬೇಕನ್ ಹಾಕಬೇಡಿ ಅಂತ ಮಾತ್ರ ಮೊದಲೇ ಹೇಳಿ. ಅಮ್ಮ ಹುರಿದ ಈರುಳ್ಳಿ ಜೊತೆ ಆರು ತಿಂದರು.

ಫೆಬ್ರವರಿಯಲ್ಲಿ ಬರುವವರಿಗೆ ಒಂದು ಮಾತು. ರಾತ್ರಿ ಮೈನಸ್ 30 ಇಲ್ಲಿ ಅಪರೂಪ ಅಲ್ಲ, ಗಾಳಿ ಸೇರಿದರೆ ಮೈನಸ್ 40ರ ಹಾಗೆ ಕಡಿಯುತ್ತದೆ. ಭಾರತದಲ್ಲೇ ದಪ್ಪ ಜಾಕೆಟ್ ಕೊಂಡು ದುಡ್ಡು ಹಾಳು ಮಾಡಬೇಡಿ, ಅದು ಈ ಚಳಿಗೆ ಸಾಲುವುದಿಲ್ಲ. ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯದು ಸಿಗುತ್ತದೆ, ಪರಿಚಯದವರಿದ್ದರೆ ಎರವಲು ಕೇಳಿ. ಬೂಟ್ಸ್ ಮಾತ್ರ ಹೊಸದಾಗಿ, ಎರಡು ಕಾಲುಚೀಲ ಹಿಡಿಸುವಷ್ಟು ದೊಡ್ಡದು ತಗೊಳ್ಳಿ. ಬೆರಳಿಗೆ ಬಿಡಿಬಿಡಿ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ಸ್ ಬೆಚ್ಚಗೆ. ಇಷ್ಟಾದರೆ, ಹೆಪ್ಪುಗಟ್ಟಿದ ನದಿಯ ಮೇಲೇ ನಡೆದುಕೊಂಡು ಹೋಗಬಹುದು. ಅಲ್ಲಲ್ಲಿ ಚಳಿ ಕಾಯಿಸಲು ಚಂದದ ಗುಡಿಸಲುಗಳನ್ನು ಇಟ್ಟಿರುತ್ತಾರೆ. ಬಾಡಿಗೆ ಕಾರು ಮಾತ್ರ ಬೇಡ. ಹಿಮದ ರಸ್ತೆ ಅಭ್ಯಾಸ ಇಲ್ಲದವರಿಗಲ್ಲ.

ಸೆಪ್ಟೆಂಬರ್‌ನಲ್ಲಾದರೆ ಕಾರು ಇರಲಿ. ಕೊನೆಯ ಸಂಜೆಯನ್ನು ಓಕ್ ಹ್ಯಾಮಕ್ ಮಾರ್ಷ್‌ಗೆ ಉಳಿಸಿಕೊಳ್ಳಿ. ಊರಿಂದ ಉತ್ತರಕ್ಕೆ ಅರ್ಧ ಗಂಟೆ ಚಿಲ್ಲರೆ. ದಕ್ಷಿಣಕ್ಕೆ ವಲಸೆ ಹೊರಟ ಬಾತುಗಳು ದಿನವಿಡೀ ಹೊಲಗಳಲ್ಲಿ ಮೇಯ್ದು, ಕತ್ತಲಾಗುವ ಹೊತ್ತಿಗೆ ಸಾವಿರಗಟ್ಟಲೆ ಬಂದು ಜೌಗಿನಲ್ಲಿ ಇಳಿಯುತ್ತವೆ. ಅವುಗಳ ಕೂಗು ಎಷ್ಟಿತ್ತೆಂದರೆ ಅಪ್ಪ ಹೇಳಿದ್ದು ನನಗೆ ಕೇಳಿಸಲಿಲ್ಲ, ಕೈ ಎತ್ತಿ ತೋರಿಸುತ್ತಿದ್ದುದು ಮಾತ್ರ ಕಂಡಿತು. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಅಲ್ಲಿರಿ. ಗಾಳಿ ತಣ್ಣಗಿರುತ್ತದೆ, ಶಾಲು ಮರೆಯಬೇಡಿ.